ಬೆಂಜಮಿನ್ ಫ್ರ್ಯಾಂಕ್ಲಿನ್

ನಲ್ಲಿಯಲ್ಲಿ ನೀರಿಲ್ಲ, ಬೀದಿಯಲ್ಲಿ ದೀಪವಿಲ್ಲವೆಂದು ನಾವು ನಿತ್ಯವೂ ಆಳುವವರನ್ನು ದೂರುತ್ತೇವೆ. ದೂರುವುದು ತಪ್ಪಲ್ಲ, ಅಷ್ಟಕ್ಕೇ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುವುದು ತಪ್ಪು. ಅಮೆರಿಕೆಯ ಬೆಂಜಮಿನ್ ಫ್ರ್ಯಾಂಕ್ಲಿನ್ನನ ಜೀವನದಿಂದ ನಾವು ಕಲಿಯಬೇಕಾದ ಪಾಠವಿದು.

1706ರಲ್ಲಿ ಬೋಸ್ಟನ್ ನಗರದಲ್ಲಿ, ಸಾಬೂನು ಮೇಣಬತ್ತಿಗಳನ್ನು ತಯಾರಿಸುತ್ತಿದ್ದ ತಂದೆಯ 17 ಮಕ್ಕಳಲ್ಲಿ 15ನೆಯವನಾಗಿ ಅವನು ಜನಿಸಿದನು. ಹತ್ತನೆಯ ವಯಸ್ಸಿಗೇ ಶಾಲೆ ಬಿಟ್ಟು, ಮುಂದೆ ಅಣ್ಣನ ಮುದ್ರಣಾಲಯದಲ್ಲಿ ಅಚ್ಚಿನ ಕೆಲಸ ಕಲಿತನು. 1723ರಲ್ಲಿ ಹೊಟ್ಟೆಪಾಡಿಗಾಗಿ ಫಿಲಡೆಲ್ಫಿಯಾಕ್ಕೆ ಬಂದನು.

ಅಲ್ಲಿ 1727ರಲ್ಲಿ ಗೆಳೆಯರನ್ನು ಕೂಡಿಸಿ ಚರ್ಚಾಕೂಟವೊಂದನ್ನು ಕಟ್ಟಿದನು. ಹಟ ಹಿಡಿದು ವಾದಿಸಿದವರಿಗೆ ಅಲ್ಲಿ ದಂಡವಿತ್ತು! ಪುಸ್ತಕಗಳು ದುರ್ಲಭವಾಗಿದ್ದುದರಿಂದ 1731ರಲ್ಲಿ ವಂತಿಗೆಯಿಂದ ಪುಸ್ತಕಭಂಡಾರವು ಹುಟ್ಟಿತು. ಮನೆಗಳು ಬೆಂಕಿಗೆ ಆಹುತಿಯಾಗುತ್ತಿದ್ದುದನ್ನು ಕಂಡು, 1736ರಲ್ಲಿ ತೊಗಲಿನ ಬಾಲ್ದಿಗಳೊಡನೆ ಓಡಿಬರುವ ನಾಗರಿಕರ ದಳವು ಸಿದ್ಧವಾಯಿತು. ಆಸ್ಪತ್ರೆಗೆ ಹಣ ಕೊಡಲು ಶಾಸನಸಭೆ ಹಿಂಜರಿದಾಗ ಅವನು ಅದನ್ನು ಹಳಿಯುತ್ತ ಕೂರಲಿಲ್ಲ. ಜನರು 2000 ಪೌಂಡು ಕೂಡಿಸಿದರೆ ಸಭೆಯೂ ಅಷ್ಟೇ ಕೊಡಬೇಕೆಂಬ ಒಪ್ಪಂದ ಮಾಡಿಸಿದನು. 1751ರಲ್ಲಿ ಆಸ್ಪತ್ರೆಯು ಸ್ಥಾಪನೆಯಾಯಿತು.

ಅವನು ದೋಷರಹಿತನಲ್ಲ. ಮನೆಯಲ್ಲಿ ಗುಲಾಮರನ್ನಿರಿಸಿಕೊಂಡಿದ್ದನು. ಆದರೆ ಮುಪ್ಪಿನಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕೆ ದುಡಿದ ಸಂಘದ ಅಧ್ಯಕ್ಷನಾಗಿ, 1790ರಲ್ಲಿ ಕಾಂಗ್ರೆಸ್ಸಿಗೆ ಮನವಿ ಸಲ್ಲಿಸಿದನು. 1787ರಲ್ಲಿ, 81ರ ವಯಸ್ಸಿನಲ್ಲಿ, ರಾಜ್ಯಾಂಗದ ಕೆಲವು ಅಂಶಗಳು ತನಗೆ ಒಪ್ಪಿಗೆಯಾಗದಿದ್ದರೂ ದೇಶದ ಐಕ್ಯಕ್ಕಾಗಿ ರುಜು ಹಾಕಿ, ಇತರರನ್ನೂ ಒಡಂಬಡಿಸಲು ಯತ್ನಿಸಿದನು. 1790ರ ಏಪ್ರಿಲ್ 17ರಂದು ತೀರಿಕೊಂಡನು.

ವಿದ್ಯಾರ್ಥಿಗಳೇ, ನಾವೂ ಪರಊರಿಗೆ ಬಂದು ನೆಲೆಸಿದವರು. ಊರಿನ ಕೊರತೆ ಕಂಡಾಗ ದೂರುವ ಬಾಯಿಯೊಡನೆ ದುಡಿಯುವ ಕೈಯೂ ನಮ್ಮದಾಗಲಿ.