ರಾಜೇಶ್ವರಿ ಚಟರ್ಜಿ

ಮಕ್ಕಳೇ, ಜಹೀರಾಬಾದಿನಲ್ಲಾಗಲಿ ತಾಂಡೂರಿನಲ್ಲಾಗಲಿ ಮೊಬೈಲ್ ಟವರನ್ನು ನೋಡದವರಿಲ್ಲ. ಅದರ ಮೇಲಿರುವ ಉದ್ದನೆಯ ಪೆಟ್ಟಿಗೆಗಳೇ ಆಂಟೆನಾಗಳು. ರೇಡಿಯೋ ಅಲೆಗಳನ್ನು ಕಳುಹಿಸುವುದು, ಬಂದ ಅಲೆಗಳನ್ನು ಹಿಡಿಯುವುದು ಅವುಗಳ ಕೆಲಸ. ಅಂತಹ ಆಂಟೆನಾಗಳ ಬಗ್ಗೆ ಜೀವನವಿಡೀ ಸಂಶೋಧನೆ ನಡೆಸಿದ ಕನ್ನಡನಾಡಿನ ಒಬ್ಬ ಮಹಿಳೆಯ ಕಥೆ ಇದು.

ರಾಜೇಶ್ವರಿಯವರು 1922ರ ಜನವರಿ 24ರಂದು ಜನಿಸಿದರು. ತಂದೆ ಶಿವರಾಮಯ್ಯನವರು ನಂಜನಗೂಡಿನಲ್ಲಿ ವಕೀಲರಾಗಿದ್ದರು. ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಅಜ್ಜಿ ಕಮಲಮ್ಮ ದಾಸಪ್ಪನವರು ಪದವಿ ಪಡೆದಿದ್ದರು. ಅಜ್ಜಿ ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳು ಓದಿದರು. ಅವರಿಗೆ ಇತಿಹಾಸವೆಂದರೆ ಬಹಳ ಇಷ್ಟ. ಆದರೂ ಕೊನೆಗೆ ಆರಿಸಿಕೊಂಡದ್ದು ವಿಜ್ಞಾನ ಮತ್ತು ಗಣಿತ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಆಗ ಅಲ್ಲಿ ಬೆರಳೆಣಿಕೆಯಷ್ಟು ಹೆಣ್ಣುಮಕ್ಕಳಿದ್ದರು.

ಸರ್ಕಾರದ ವಿದ್ಯಾರ್ಥಿವೇತನ ದೊರೆತು 1947ರಲ್ಲಿ ಅವರು ಅಮೆರಿಕಕ್ಕೆ ಹೊರಟರು. ಮದುವೆಯಾಗದ ಹುಡುಗಿ ಒಬ್ಬಳೇ ಕಡಲು ದಾಟಿ ಹೋಗುವುದು ಆಗ ಸಣ್ಣ ಮಾತಾಗಿರಲಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಪಿಎಚ್.ಡಿ. ಪಡೆದು, 1953ರಲ್ಲಿ ಬೆಂಗಳೂರಿಗೆ ಮರಳಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಅಲ್ಲಿಯೇ ಅಧ್ಯಾಪಕರಾಗಿದ್ದ ಶಿಶಿರ ಕುಮಾರ ಚಟರ್ಜಿಯವರನ್ನು ಮದುವೆಯಾದರು. ದಂಪತಿಗಳಿಬ್ಬರೂ ಸೇರಿ ಸೂಕ್ಷ್ಮತರಂಗಗಳ ಪ್ರಯೋಗಾಲಯವನ್ನು ಕಟ್ಟಿದರು.

ಸೂಕ್ಷ್ಮತರಂಗ ಎಂದರೇನು? ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳನ್ನು ನೆನೆಯಿರಿ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗಿರುವ ದೂರವೇ ಅಲೆಯುದ್ದ. ರೇಡಿಯೋ ಅಲೆಗಳಿಗೂ ಅಲೆಯುದ್ದ ಉಂಟು. ಕೆಲವು ನೂರಾರು ಮೀಟರ್ ಉದ್ದ, ಕೆಲವು ಕೆಲವೇ ಸೆಂಟಿಮೀಟರ್. ಇನ್ನೂ ಚಿಕ್ಕವು ಮಿಲಿಮೀಟರ್ ಅಲೆಗಳು. ನಿಮ್ಮ ಅಳತೆಪಟ್ಟಿಯ ಅತಿ ಸಣ್ಣ ಗೆರೆಗಳ ನಡುವಿನ ದೂರವೇ ಒಂದು ಮಿಲಿಮೀಟರ್! ಇಂತಹ ಕಿರಿದಾದ ಅಲೆಗಳನ್ನು 1890ರ ದಶಕದಲ್ಲಿಯೇ ಕೋಲ್ಕತ್ತದಲ್ಲಿ ಉಂಟುಮಾಡಿದವರು ಜಗದೀಶಚಂದ್ರ ಬೋಸರು.

ಅಲೆ ಚಿಕ್ಕದಾದಂತೆ ಆಂಟೆನಾವನ್ನೂ ಚಿಕ್ಕದಾಗಿ ಮಾಡಬಹುದು. ವಿಮಾನಕ್ಕೆ, ಬಾಹ್ಯಾಕಾಶ ನೌಕೆಗೆ ಭಾರವಿಲ್ಲದ ಪುಟ್ಟ ಆಂಟೆನಾ ಬೇಕು. ಆದರೆ ಪುಟ್ಟದರಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಅಲೆ ದಾರಿ ತಪ್ಪುತ್ತದೆ. ಆದ್ದರಿಂದ ಮೊದಲು ಲೆಕ್ಕ, ಆಮೇಲೆ ತಯಾರಿ. ರಾಜೇಶ್ವರಿಯವರ ಗಣಿತ ಇಲ್ಲಿ ಉಪಯೋಗಕ್ಕೆ ಬಂತು. ಆಂಟೆನಾ ಎಂದರೆ ಲೋಹದ್ದೇ ಆಗಬೇಕೆಂದು ನಾವು ಭಾವಿಸುತ್ತೇವೆ. ಆದರೆ ವಿದ್ಯುತ್ ಹರಿಯದ ಪ್ಲಾಸ್ಟಿಕ್‌ನಂತಹ ವಸ್ತುವಿನ ಕಡ್ಡಿಯೂ ಆಂಟೆನಾ ಆಗಬಲ್ಲದು. ಅಲೆ ಕಡ್ಡಿಯ ಗುಂಟ ಸಾಗಿ ತುದಿಯಿಂದ ಹೊರಡುತ್ತದೆ. ಇಂತಹ ಆಂಟೆನಾಗಳ ಬಗ್ಗೆ ಅವರು ಒಂದು ಪುಸ್ತಕವನ್ನೇ ಬರೆದರು.

ಅವರ ಮಾರ್ಗದರ್ಶನದಲ್ಲಿ ಇಪ್ಪತ್ತು ಮಂದಿ ಪಿಎಚ್.ಡಿ. ಪಡೆದರು. 1982ರಲ್ಲಿ ನಿವೃತ್ತರಾದ ಮೇಲೆ ಅವರು ಸುಮ್ಮನೆ ಕೂರಲಿಲ್ಲ, ಮಹಿಳೆಯರ ಏಳಿಗೆಗಾಗಿ ದುಡಿದರು. 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು. ಆಗ ನೀವಿನ್ನೂ ಹುಟ್ಟಿರಲಿಲ್ಲ.