ಪಂಜೆ ಮಂಗೇಶರಾಯರು

ಪಂಜೆ ಮಂಗೇಶರಾಯರು (1874–1937) ಆಧುನಿಕ ಕನ್ನಡ ಶಿಶುಸಾಹಿತ್ಯದ ಆದ್ಯರಲ್ಲಿ ಒಬ್ಬರು. ಕವಿ, ಕಥೆಗಾರ ಹಾಗೂ ಶಿಕ್ಷಕ. 'ಕವಿಶಿಷ್ಯ' ಎಂಬುದು ಅವರ ಪ್ರಸಿದ್ಧ ಕಾವ್ಯನಾಮ. ಭಯ, ದುಃಖ, ಅಚ್ಚರಿ ಮುಂತಾದ ಭಾವಗಳನ್ನು ಮಕ್ಕಳು ಆಟ, ಹಾಡು ಮತ್ತು ಕಥೆಗಳ ಮೂಲಕವೇ ಗುರುತಿಸುವಂತೆ ಮಾಡಿದ್ದು ಅವರ ಬರಹದ ವೈಶಿಷ್ಟ್ಯ.

ಜೀವನ

ಮಂಗೇಶರಾಯರು 1874ರ ಫೆಬ್ರವರಿ 22ರಂದು ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಮನೆಮಾತು ಕೊಂಕಣಿ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬಡತನದಲ್ಲಿ ಓದು ಮುಂದುವರಿಸಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ರಾಷ್ಟ್ರಕವಿ ಎಂ. ಗೋವಿಂದ ಪೈ ಪಂಜೆಯವರ ಶಿಷ್ಯರಾಗಿದ್ದರು. ಮುಂದೆ ಶಾಲಾ ಇನ್‌ಸ್ಪೆಕ್ಟರ್ ಆಗಿ, ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಕೆಲಸ ಮಾಡಿದರು. ಕೊಡಗಿನ ವಾಸದ ಫಲವೇ 'ಹುತ್ತರಿ ಹಾಡು'.

ಇನ್‌ಸ್ಪೆಕ್ಟರರ ಭೇಟಿ ಎಂದರೆ ಆ ಕಾಲದ ಶಾಲೆಗಳಲ್ಲಿ ಮಕ್ಕಳಿಗೂ ಉಪಾಧ್ಯಾಯರಿಗೂ ನಡುಕ ಹುಟ್ಟಿಸುವ ಸಂಗತಿ. ಪಂಜೆಯವರು ಕಥೆ ಹೇಳಿ, ಹಾಡು ಹಾಡಿ ಆ ಅಂಜಿಕೆಯನ್ನು ಕರಗಿಸುತ್ತಿದ್ದರೆಂದು ಪ್ರಸಿದ್ಧಿ. ಪುಟ್ಟ ಮಕ್ಕಳಿಗೆ ತಕ್ಕ ಪುಸ್ತಕಗಳು ಕನ್ನಡದಲ್ಲಿ ವಿರಳವಾಗಿದ್ದ ಆ ದಿನಗಳಲ್ಲಿ ಮಂಗಳೂರಿನ ಬಾಲಸಾಹಿತ್ಯ ಮಂಡಲದ ಮೂಲಕ ಅವರು ಆ ಕೊರತೆಯನ್ನು ನೀಗಿಸಲು ಶ್ರಮಿಸಿದರು.

ಮಕ್ಕಳ ಭಾವಲೋಕ

ಪಂಜೆಯವರು ಮನಶ್ಶಾಸ್ತ್ರದ ಗ್ರಂಥ ಬರೆದವರಲ್ಲ. ಆದರೂ 'ನಾಗರಹಾವೆ' ಕವಿತೆಯನ್ನು ಮಗುವಿನ ಭಯದ ಸೂಕ್ಷ್ಮ ಚಿತ್ರಣವಾಗಿ ಓದಬಹುದು. ಹಾವಿನ ಚೆಲುವಿಗೆ ಮರುಳಾಗಿ ಅದನ್ನು ಕರೆಯುವ ದನಿಯೇ ಕೊನೆಗೆ ಅದನ್ನು ಹೊರಗೆ ಕಳುಹಿಸಲು ಬಯಸುತ್ತದೆ. ಒಂದೇ ವಸ್ತುವಿನ ಬಗ್ಗೆ ಆಕರ್ಷಣೆಯೂ ಅಂಜಿಕೆಯೂ ಒಟ್ಟಿಗೆ ಇರಬಲ್ಲವು ಎಂಬುದನ್ನು ಕವಿ ವಿವರಿಸಲು ಹೋಗುವುದಿಲ್ಲ. ಹಾಡುವ ಮಗುವಿಗೆ ಅದು ಲಯದಲ್ಲಿಯೇ ಅನುಭವಕ್ಕೆ ಬರುತ್ತದೆ. ಹೆದರಬೇಡ ಎಂಬ ಬುದ್ಧಿವಾದವೂ ಇಲ್ಲಿಲ್ಲ. ತರಗತಿಯಲ್ಲಿ ಗಟ್ಟಿಯಾಗಿ ಹಾಡಿದಾಗಲೇ ಈ ಪದ್ಯದ ಸತ್ವ ಪೂರ್ಣವಾಗಿ ತಿಳಿಯುವುದು.

'ಹೇನು ಸತ್ತು ಕಾಗೆ ಬಡವಾಯಿತು' ಎಂಬ ಕಥೆಯ ಶೀರ್ಷಿಕೆಯಲ್ಲಿಯೇ ನಗುವೂ ಶೋಕವೂ ಬೆರೆತಿವೆ. ಅತ್ಯಲ್ಪ ಜೀವಿಯ ಸಾವು ಒಬ್ಬರಿಂದ ಒಬ್ಬರಿಗೆ ದುಃಖವನ್ನು ಹಬ್ಬಿಸುತ್ತದೆ. 'ಸಿಗಡಿ ಯಾಕೆ ಒಣಗಲಿಲ್ಲ' ಕಥೆಯಲ್ಲಿ ಪ್ರಶ್ನೆಯು ಒಬ್ಬರಿಂದ ಒಬ್ಬರಿಗೆ ದಾಟುತ್ತ, ತಪ್ಪು ಹೊರಿಸುವ ಸರಪಳಿಯಾಗಿ ಬೆಳೆಯುತ್ತದೆ. ಜಗಳವಾಡಿದ ಮಕ್ಕಳನ್ನು ವಿಚಾರಿಸಿದ ಯಾವ ತಾಯಿಗೂ ಈ ಸರಪಳಿ ಅಪರಿಚಿತವಲ್ಲ. 'ಅಣ್ಣನ ವಿಲಾಪ' ಕವಿತೆಯಲ್ಲಿ ಮಾತ್ರ ನಗೆಯ ಲೇಪವಿಲ್ಲ. ಅಗಲಿಕೆಯ ನೋವನ್ನು ಮಕ್ಕಳಿಂದ ಮುಚ್ಚಿಡಬೇಕೆಂದು ಪಂಜೆಯವರು ಭಾವಿಸಿದಂತೆ ಕಾಣುವುದಿಲ್ಲ.

ಪರದೇಶದ ಕಥೆಗಳನ್ನೂ ಅವರು ಕನ್ನಡದ ಮಣ್ಣಿಗೆ ಒಗ್ಗಿಸಿದರು. ಜರ್ಮನಿಯ ಹ್ಯಾಮೆಲಿನ್ ಊರಿನ ಕೊಳಲುಗಾರನ ಕಥೆ 'ಇಲಿಗಳ ಥಕಥೈ' ಆಯಿತು.

ಇತರ ಬರಹ

'ಕೋಟಿ ಚೆನ್ನಯ' ತುಳುನಾಡಿನ ವೀರ ಸಹೋದರರ ಕಥನ. ಕನ್ನಡದ ಮೊದಲ ಸಣ್ಣಕಥೆಗಾರರ ಸಾಲಿನಲ್ಲಿಯೂ ಪಂಜೆಯವರ ಹೆಸರಿದೆ. ಅವರ ಆರಂಭದ ಕಥೆಗಳು ಮಂಗಳೂರಿನ 'ಸುವಾಸಿನಿ' ಪತ್ರಿಕೆಯಲ್ಲಿ ಬೆಳಕು ಕಂಡವು. 'ಹರಟೆಮಲ್ಲ' ಎಂಬ ಹೆಸರಿನಲ್ಲಿಯೂ ಬರೆಯುತ್ತಿದ್ದರು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಮೂರು ವರ್ಷಗಳ ಬಳಿಕ, 1937ರಲ್ಲಿ ನಿಧನರಾದರು. ಅವರ ಬರಹಗಳು ಮರಣಾನಂತರ ಸಂಪುಟಗಳಾಗಿ ಪ್ರಕಟವಾಗಿವೆ.