ಕಲ್ಲನ್ನು ಓದಿದವರು: ರಾಬರ್ಟ್ ಬ್ರೂಸ್ ಫೂಟ್

ನನ್ನ ಅಜ್ಜಿ ಕಂಪ್ಲಿಯವಳು. ಹಂಪೆಯ ತೇರಿಗೆ ಹೋದಾಗಲೆಲ್ಲ ಅಲ್ಲಿನ ಗುಂಡುಗಳನ್ನು ತೋರಿಸಿ, ಹಿಂದೊಮ್ಮೆ ಭೂಮಿ ನಡುಗಿ ಬೆಟ್ಟಗಳೇ ಒಡೆದು ಹೀಗೆ ಬಿದ್ದಿವೆ ಎನ್ನುತ್ತಿದ್ದಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹೋದ ವರ್ಷ ಅಜ್ಜಿ, ಇನ್ನೊಮ್ಮೆ ಹಾಗೆ ನಡುಗೀತೇ, ಓದಿದವನು ನೀನೇ ಹೇಳು ಎಂದಳು. ನನಗೆ ಉತ್ತರ ತೋಚಲಿಲ್ಲ. ಆ ನಾಚಿಕೆಯೇ ನನ್ನನ್ನು ಫೂಟರ ಜೀವನಚರಿತ್ರೆಯತ್ತ ಎಳೆದೊಯ್ದಿತು.

ರಾಬರ್ಟ್ ಬ್ರೂಸ್ ಫೂಟ್ ಅವರು 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದರು. 1858ರಲ್ಲಿ ಭಾರತದ ಭೂಗರ್ಭ ಸರ್ವೇಕ್ಷಣ ಇಲಾಖೆಯನ್ನು ಸೇರಿ ದಕ್ಷಿಣ ಭಾರತದಲ್ಲಿ ದುಡಿದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವೊಂದು ಅವರಿಗೆ ದೊರೆಯಿತು. ಅದರಿಂದಲೇ ಅವರು ಭಾರತದ ಪ್ರಾಗಿತಿಹಾಸದ ಜನಕರೆಂದು ಹೆಸರಾದರು. ಆದರೆ ಅವರ ನಿತ್ಯದ ಕೆಲಸವು ಬಂಡೆಗಳ ನಕ್ಷೆ ಬರೆಯುವುದಾಗಿತ್ತು. ಬಳ್ಳಾರಿ ಜಿಲ್ಲೆಯ ಭೂಗರ್ಭವನ್ನು ಕುರಿತ ಅವರ ಗ್ರಂಥ 1895ರಲ್ಲಿ ಪ್ರಕಟವಾಯಿತು. ಸಂಡೂರಿನ ಕಬ್ಬಿಣದ ಬೆಟ್ಟಗಳಂತಹ ಪುರಾತನ ಶಿಲಾವರ್ಗಕ್ಕೆ ಧಾರವಾಡ ಎಂಬ ಹೆಸರನ್ನಿತ್ತವರೂ ಅವರೇ.

ಫೂಟರು ಭೂಕಂಪದ ಪಂಡಿತರೆಂದು ನಾನು ಹೇಳುತ್ತಿಲ್ಲ. ಆದರೆ ಅಂತಹ ನಕ್ಷೆಗಳಿಲ್ಲದೆ ಭೂಕಂಪಶಾಸ್ತ್ರ ಮುಂದೆ ಸಾಗದು. ಒಂದೇ ಶಿಲೆಯ ಪದರ ನಡುವೆ ಮುರಿದು, ಬಿರುಕಿನ ಆಚೆ ಮೇಲಕ್ಕೋ ಕೆಳಕ್ಕೋ ಪಕ್ಕಕ್ಕೋ ಸರಿದು ಕಂಡರೆ ಅದನ್ನು ಸ್ತರಭಂಗವೆನ್ನುತ್ತಾರೆ. ಎರಡು ಬದಿಯ ಶಿಲೆಗಳನ್ನೂ ಗುರುತಿಸಿದಲ್ಲದೆ ಯಾವುದು ಎಷ್ಟು ಸರಿಯಿತೆಂದು ತಿಳಿಯದು. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಅನಂತರ ರೀಡ್ ಎಂಬ ವಿಜ್ಞಾನಿ ಇದರ ಮರ್ಮವನ್ನು ವಿವರಿಸಿದರು. ಬಾಗಿಸಿದ ಬಿದಿರಿನಂತೆ ಶಿಲೆಗಳು ಬಹುಕಾಲ ಒತ್ತಡವನ್ನು ತಾಳಿಕೊಂಡು, ತಾಳಲಾರದಾದಾಗ ಬಿರುಕಿನುದ್ದಕ್ಕೂ ಥಟ್ಟನೆ ಜಾರುತ್ತವೆ. ಆ ಜಾರುವಿಕೆಯ ಅಲೆಗಳೇ ನೆಲದ ನಡುಕ.

ಹಾಗಾದರೆ ಹಂಪೆಯ ಗುಂಡುಗಳು? ಅವು ಭೂಕಂಪ ಎಸೆದ ಕಲ್ಲುಗಳಲ್ಲ. ಗ್ರಾನೈಟಿನ ಸೀಳುಗಳಲ್ಲಿ ನೀರಿಳಿದು, ಅಂಚುಗಳು ಸವೆದು, ಸುತ್ತಲಿನ ಸಡಿಲ ಮಣ್ಣು ಕೊಚ್ಚಿಹೋಗಿ ಇದ್ದಲ್ಲಿಯೇ ಉಳಿದವು. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಒಂದರ ಮೇಲೊಂದು ನಿಂತ ಬಂಡೆಗಳನ್ನು ಕಂಡು, ಅವು ನಿಂತಾಗಿನಿಂದ ಅಲ್ಲಿ ಅವನ್ನು ಉರುಳಿಸುವಂತಹ ನಡುಕವಾಗಿಲ್ಲವೆಂದು ವಿಜ್ಞಾನಿಗಳು ತರ್ಕಿಸುತ್ತಾರೆ. ಹಾಗೆಂದು ನಮ್ಮ ನೆಲ ಅಲುಗದೆಂದಲ್ಲ. 1843ರಲ್ಲಿ ಬಳ್ಳಾರಿಯ ಸುತ್ತ ಭೂಮಿ ನಡುಗಿದ್ದು ದಾಖಲೆಯಲ್ಲಿದೆ. ಸ್ಥಿರವೆಂದು ನಂಬಿದ್ದ ದಖ್ಖನಿನ ಲಾತೂರಿನಲ್ಲಿ 1993ರಲ್ಲಿ ಸಾವಿರಾರು ಜನ ಮಡಿದರು.

ಫೂಟರು 1912ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಬಳ್ಳಾರಿಯ ವಸ್ತುಸಂಗ್ರಹಾಲಯವೊಂದು ಇಂದು ಅವರ ಹೆಸರನ್ನು ಹೊತ್ತಿದೆ. ಸಹಪಾಠಿಗಳು ಒಮ್ಮೆ ಅದನ್ನು ನೋಡಬೇಕು.

ಇಷ್ಟನ್ನೂ ಅಜ್ಜಿಗೆ ಹೇಳಿದೆ. ಭೂಮಿ ಮತ್ತೆ ಯಾವಾಗ ನಡುಗುವುದೆಂದು ಮಾತ್ರ ಯಾರೂ ಹೇಳಲಾರರು ಎಂದೆ. ಇಷ್ಟು ಓದಿಯೂ ಗೊತ್ತಿಲ್ಲವೇನೋ ಎಂದು ಅವಳು ನಕ್ಕಳು. ಈ ಸಲ ನನಗೆ ನಾಚಿಕೆಯಾಗಲಿಲ್ಲ. ತಿಳಿದುದೆಷ್ಟು, ತಿಳಿಯದುದೆಷ್ಟು ಎಂದು ಬೇರ್ಪಡಿಸಿ ಹೇಳುವುದೂ ವಿದ್ಯೆಯೇ ಎಂಬುದನ್ನು ನಾನು ಫೂಟರಿಂದ ಕಲಿತಿದ್ದೆನು.